ಚರ್ಚ್ ಕಟ್ಟಡಕ್ಕೆ ಕೊಡೋ ದುಡ್ಡಿಗೆ ಅಪ್ಪನ ಹೆಸರು ಕಲ್ಲಲ್ಲಿ ಕೆತ್ತಿಸಬೇಕಾ? ಇದು ದೇವರ ಮಹಿಮೆಗಾ, ನಮ್ಮ ಹೆಸರಿಗಾ?

ಹಾಸನದ_ಮಗಳು

ಎಲ್ಲರಿಗೂ ಸ್ತೋತ್ರ. ಇಲ್ಲಿ ಓದ್ತಾ ಇರ್ತೀನಿ, ಪೋಸ್ಟ್ ಹಾಕ್ತಿರೋದು ಮೊದಲ್ನೇ ಸಲ. ಸ್ವಲ್ಪ ಉದ್ದ ಆಗುತ್ತೆ.

ನಮ್ಮೂರ ಚರ್ಚ್ ಹಳೇ ಕಾಲದ್ದು, ಮಂಗಳೂರು ಹೆಂಚಿನ ಮಾಡು, ಮಳೆಗಾಲ ಬಂತಂದ್ರೆ ಎಡಗಡೆ ಹೆಂಗಸರು ಕೂರೋ ಸಾಲಲ್ಲಿ ಬಕೆಟ್ ಇಡಬೇಕು. ಕಮಿಟಿಯವರು ಈ ವರ್ಷ ಮುಂದಗಡೆ ಒಂದು ದೊಡ್ಡ ಪೋರ್ಟಿಕೋ ಕಟ್ಟಿಸೋಣ ಅಂತ ಹೊರಟಿದ್ದಾರೆ, ಕಾರು ಬಂದು ಒಳಗೇ ನಿಲ್ಲೋ ತರ, ಮದುವೆ ಫೋಟೋಗೂ ಚೆನ್ನಾಗಿರುತ್ತೆ ಅಂತ. ನಮ್ಮಪ್ಪ ಕಳೆದ ವರ್ಷ ತೀರಿಹೋದ್ರು. ಅವರು ಸೆಕ್ರೆಟರಿ ಗಿಕ್ರೆಟರಿ ಏನೂ ಆಗಿದ್ದೋರಲ್ಲ, ಭಾನುವಾರ ಎಲ್ಲರಿಗಿಂತ ಮುಂಚೆ ಹೋಗಿ ಬಾಗ್ಲು ತೆಗೆದು ಗಂಟೆ ಹೊಡೆಯೋದು, ಆರಾಧನೆ ಮುಗಿದ್ಮೇಲೆ ಹಾಡಿನ ಪುಸ್ತಕ ಎಲ್ಲ ಎತ್ತಿ ಬೀರುಗೆ ಇಡೋದು, ಅಷ್ಟೇ. ಅವರು ಬಿಟ್ಟುಹೋದ ದುಡ್ಡಲ್ಲಿ ಒಂದು ಭಾಗ ಚರ್ಚಿಗೆ ಕೊಡೋದು ಅಂತ ಅಮ್ಮ ಅಣ್ಣ ನಾನು ಮೂವರೂ ಒಪ್ಪಿದ್ದೀವಿ, ಅದರಲ್ಲಿ ಗಲಾಟೆ ಇಲ್ಲ.

ಗಲಾಟೆ ಶುರುವಾಗಿದ್ದು ಸೆಕ್ರೆಟರಿ ಅಂಕಲ್ ಮನೆಗೆ ಬಂದು "ಪೋರ್ಟಿಕೋ ಪೂರ್ತಿ ನಿಮ್ಮ ಫ್ಯಾಮಿಲಿದೇ ಆಗ್ಲಿ, ಕಪ್ಪು ಗ್ರಾನೈಟಲ್ಲಿ ಮೇಲೆ ದೇವರ ಮಹಿಮೆಗಾಗಿ ಅಂತ ಬರೆಸಿ ಕೆಳಗೆ ಅಪ್ಪಾಜಿ ಹೆಸರು, ಅದರ ಕೆಳಗೆ ನಿಮ್ಮೆಲ್ಲರ ಹೆಸರು ಹಾಕ್ಸೋಣ, ಬಿಷಪ್ ಬಂದು ಓಪನ್ ಮಾಡ್ತಾರೆ" ಅಂದ್ಮೇಲೆ. ಅಮ್ಮ ಖುಷಿಗೆ ಅತ್ತೇಬಿಟ್ರು. ಅಣ್ಣಂಗೂ ಖುಷಿ, ಅವನು ಈ ಸಲ ಕಮಿಟಿ ಎಲೆಕ್ಷನ್‌ಗೆ ನಿಲ್ತಿದ್ದಾನೆ ಅನ್ನೋದನ್ನೂ ಹೇಳ್ಬೇಕು ಇಲ್ಲಿ.

ನಂಗೆ ಮಾತ್ರ ಸರಿ ಅನ್ನಿಸ್ತಿಲ್ಲ. ಅಪ್ಪ ಬದುಕಿದ್ದಿದ್ರೆ ಇದಕ್ಕೆ ಒಪ್ತಾನೇ ಇರ್ಲಿಲ್ಲ ಅಂತ ನಂಗೆ ಗೊತ್ತು. ಈಚೆಗೆ ಅಯ್ಯನವರು 1 ಕೊರಿಂಥ 10:31 ಮೇಲೆ ಪ್ರಸಂಗ ಮಾಡಿದ್ರು, ಉಂಡರೂ ಕುಡಿದರೂ ಏನು ಮಾಡಿದರೂ ದೇವರ ಘನತೆಗೆ ಅಂತ, ಅದು ಬೇರೆ ತಲೆಯಲ್ಲಿ ಕೂತಿದೆ. ಅಣ್ಣನ ಹತ್ರ ಹೇಳಿದ್ದಕ್ಕೆ "ಬೆಂಗಳೂರಲ್ಲಿ ಕೂತ್ಕೊಂಡು ದೊಡ್ಡ ಭಕ್ತೆ ತರ ಆಡ್ಬೇಡ, ಹೆಸರು ಬೇಡ ಅಂತ ಹೇಳೋದೂ ಒಂದು ತರ ಹೆಸರು ಮಾಡ್ಕೊಳ್ಳೋದೇ" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ನಿಜ ಇದ್ರೂ ಇರಬಹುದು. ನಾವು ಮಾಡ್ತಿರೋದು ದೇವರಿಗಾ ನಮಗಾ ಅಂತ ಮನುಷ್ಯ ತಾನಾಗೇ ಹೇಗೆ ತಿಳ್ಕೋಳ್ಳೋದು? ಅಮ್ಮನ ಮನಸ್ಸು ಮುರೀದೇ ಏನು ಮಾಡ್ಬಹುದು? ಗೊತ್ತಿದ್ದೋರು ಹೇಳಿ.


ಗ್ರೇಸ್_ಓನ್ಲಿ

ಸಿಸ್ಟರ್ ಇದರಲ್ಲಿ ಡಿಸ್ಕಸ್ ಮಾಡೋಕೆ ಏನಿದೆ?? ಮತ್ತಾಯ 6 ತೆಗೆದು ಓದಿ. ಜನರು ನೋಡ್ಲಿ ಅಂತ ತುತ್ತೂರಿ ಊದಿಸಿ ಕೊಡೋರಿಗೆ ಬರಬೇಕಾದ ಫಲ ಆಗ್ಲೇ ಬಂದಾಯ್ತು ಅಂತ ಯೇಸುಸ್ವಾಮಿನೇ ಹೇಳಿದ್ದಾರೆ. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು ಅಂದ್ಮೇಲೆ ಗ್ರಾನೈಟ್ ಎಲ್ಲಿಂದ ಬಂತು? ಇಸ್ರಾಯೇಲಿನ ರಾಜ ಸೌಲ ಅಮಾಲೇಕ್ಯರ ಯುದ್ಧ ಆದ್ಮೇಲೆ ಕರ್ಮೆಲಿಗೆ ಹೋಗಿ ತನಗೇ ಒಂದು ಜ್ಞಾಪಕಸ್ತಂಭ ನಿಲ್ಲಿಸ್ಕೊಂಡ (1 ಸಮುವೇಲ 15:12), ಅದೇ ಅಧ್ಯಾಯದಲ್ಲಿ ರಾಜ್ಯ ಹೋಯ್ತು. ದಾವೀದ ರಾಜನ ಮಗ ಅಬ್ಷಾಲೋಮ ತನ್ನ ಹೆಸರು ಉಳೀಲಿ ಅಂತ ಕಂಬ ನಿಲ್ಲಿಸ್ಕೊಂಡ, ಅಪ್ಪನ ಮೇಲೇ ದಂಗೆ ಎದ್ದು ಸತ್ತ. ಹೆರೋದ ರಾಜ ಮಹಿಮೆ ದೇವರಿಗೆ ಕೊಡ್ಲಿಲ್ಲ, ಹುಳ ಬಿದ್ದು ಸತ್ತ, ಅಪೊಸ್ತಲರ ಕೃತ್ಯಗಳು 12. ಹೆಸರು ಬೇಡ ಅಂತ ಹೇಳಿ, ದುಡ್ಡು ಕಾಣಿಕೆ ಪೆಟ್ಟಿಗೆಗೆ ಹಾಕಿ, ಮನೆಗೆ ಬನ್ನಿ. ಪ್ರೈಸ್ ದ ಲಾರ್ಡ್.


ಉಡುಪಿ_ಅಜ್ಜ

ಗ್ರೇಸ್ ಅವರೇ ನೀವು ಹೇಳಿದ ವಚನ ಎಲ್ಲ ಸರಿ ಉಂಟು ಆದ್ರೆ ಬೈಬಲಿನಲ್ಲಿ ಅಷ್ಟೇ ಇರುದಲ್ಲ ಮಾರಾಯ್ರೆ. ಅದೇ ಬೆಟ್ಟದ ಪ್ರಸಂಗದಲ್ಲಿ ಒಂದು ಅಧ್ಯಾಯ ಹಿಂದೆ, 5:16ರಲ್ಲಿ, ನಿಮ್ಮ ಒಳ್ಳೆ ಕ್ರಿಯೆ ಜನ ನೋಡಿ ಪರಲೋಕದ ತಂದೆಯನ್ನು ಕೊಂಡಾಡಲಿ ಅಂತ ಉಂಟಲ್ಲ, ಅದನ್ನು ಏನು ಮಾಡುದು? ಕಾಣಬಾರದು ಅಂತ ಅಲ್ಲ, ಕಂಡ ಮೇಲೆ ಜನ ಯಾರನ್ನು ಹೊಗಳ್ತಾರೆ ಅನ್ನುದು ಪ್ರಶ್ನೆ.

ಬೈಬಲಿನ ನಾಲ್ಕನೇ ಪುಸ್ತಕ ಅರಣ್ಯಕಾಂಡ, ಅದರ 7ನೇ ಅಧ್ಯಾಯ ಓದಿದ್ದೀರಾ ಪೂರ್ತಿ? ಯಾರೂ ಓದುದಿಲ್ಲ, ಬೋರ್ ಹೊಡೀತದೆ. 89 ವಚನ. ಹನ್ನೆರಡು ಕುಲದ ಹನ್ನೆರಡು ಮುಖಂಡರು ದಿನಕ್ಕೊಬ್ಬರಂತೆ ಕಾಣಿಕೆ ತರ್ತಾರೆ, ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು ಸಮೇತ ಬರೆದಿಟ್ಟಿದ್ದಾರೆ. 130 ಶೆಕೆಲ್ (ಆಗಿನ ತೂಕ) ಬೆಳ್ಳಿ ತಟ್ಟೆ, 70 ಶೆಕೆಲ್ ಬೆಳ್ಳಿ ಬೋಗುಣಿ, 10 ಶೆಕೆಲ್ ಬಂಗಾರದ ಧೂಪದ ಪಾತ್ರೆ. ಹನ್ನೆರಡು ಸಲ ಅದೇ ಪಟ್ಟಿ, ಒಂದಕ್ಷರ ಬಿಡದೆ. ನಾನು ಮೇಷ್ಟ್ರಾಗಿದ್ದವ, ಹುಡುಗರು ಹೀಗೆ ಬರೆದ್ರೆ ಕಾಪಿ ಹೊಡೆದದ್ದು ಅಂತ ಕಿವಿ ಹಿಂಡ್ತಿದ್ದೆ. ಆದ್ರೆ ನೋಡಿ, ಹೆಸರು ಉಂಟು, ಮೊತ್ತ ಮಾತ್ರ ಎಲ್ಲರದ್ದೂ ಒಂದೇ. ಯೆಹೂದದಂಥ ದೊಡ್ಡ ಕುಲಕ್ಕೂ ಬೆನ್ಯಾಮೀನನಂಥ ಸಣ್ಣ ಕುಲಕ್ಕೂ ಅದೇ ತಟ್ಟೆ ಅದೇ ಬೋಗುಣಿ. ಹಾಗಿರುವಾಗ ಯಾರೂ ಯಾರಿಗಿಂತ ದೊಡ್ಡವ ಆಗುದಿಲ್ಲ.

ನೆಹೆಮೀಯ 3 ಕೂಡ ಹಾಗೆಯೇ, ಗೋಡೆ ಕಟ್ಟಿದವರ ಹೆಸರಿನದ್ದೇ ಅಧ್ಯಾಯ. ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ಶಲ್ಲೂಮ ಅಂತ ಒಬ್ಬ ಹೆಣ್ಮಕ್ಕಳನ್ನು ಕರ್ಕೊಂಡು ಬಂದು ಕಟ್ಟಿದ್ದಾನೆ, ಅದೂ ಉಂಟು. ತೆಕೋವದ ಶ್ರೀಮಂತರು ಮಾತ್ರ ಹೆಗಲು ಕೊಡಲಿಲ್ಲ ಅಂತ ಅದನ್ನೂ ಬರೆದಿಟ್ಟಿದ್ದಾರೆ, ಆ ಊರಿನ ಉಳಿದವರು ಎರಡೆರಡು ಕಡೆ ಕಟ್ಟಿದ್ದಾರೆ. ಇನ್ನು ದಾವೀದ, ದೇವಾಲಯಕ್ಕೆ ತಾನು ಕೊಡುದು 3000 ತಲಾಂತು (ಅದೂ ಆಗಿನ ದೊಡ್ಡ ತೂಕ) ಬಂಗಾರ 7000 ತಲಾಂತು ಬೆಳ್ಳಿ ಅಂತ ಸಭೆ ಎದುರೇ ಹೇಳ್ತಾನೆ (1 ಪೂರ್ವಕಾಲ 29). ಎಡಗೈಗೆ ಗೊತ್ತಾಗದ ಹಾಗೆ ಕೊಟ್ಟದ್ದಲ್ಲ ಅದು. ಆದ್ರೆ ಮುಂದೆ ಪ್ರಾರ್ಥನೆ ಮಾಡುವಾಗ ನಾನ್ಯಾರು, ನನ್ನ ಜನ ಯಾರು, ನಿನ್ನ ಕೈಯಿಂದ ಬಂದದ್ದನ್ನೇ ನಿನಗೆ ಕೊಟ್ಟೆವು ಅಂತಾನೆ. ಹೀಗೆ ಹೇಳಲಿಕ್ಕೆ ಆಗುವವನ ಹೆಸರು ಕಲ್ಲಿನ ಮೇಲೆ ಇದ್ರೂ ತೊಂದರೆ ಇಲ್ಲ ಅಂತ ನನ್ನ ಅಭಿಪ್ರಾಯ. ಹೇಳಲಿಕ್ಕೆ ಆಗದವ ಪೆಟ್ಟಿಗೆಗೆ ಹಾಕಿದ್ರೂ ಅಷ್ಟೇ.

ನಮ್ಮ ಕಡೆ ಬೆಳೆ ಹಬ್ಬದ ಹರಾಜು ನೋಡಿದವರಿಗೆ ಈ ವಿಷಯ ಬಿಡಿಸಿ ಹೇಳುದು ಬೇಡ. ಒಂದು ಹಲಸಿನ ಹಣ್ಣು, ಒಂದು ಗೊನೆ ಬಾಳೆ, ಸಾವಿರಗಟ್ಟಲೆಗೆ ಹೋಗ್ತದೆ. ದುಬೈಯಿಂದ ರಜೆಗೆ ಬಂದವ ಒಂದು ಕಡೆ, ಅವನ ದೊಡ್ಡಪ್ಪನ ಮಗ ಇನ್ನೊಂದು ಕಡೆ, ಹಿಂದಿನ ಯಾವುದೋ ಜಾಗದ ತಕರಾರು ಎಲ್ಲ ಆ ಹಲಸಿನ ಹಣ್ಣಿನ ಮೇಲೆ ಬರ್ತದೆ. ಚರ್ಚಿಗೆ ದುಡ್ಡು ಆಗ್ತದೆ, ಅದು ನಿಜ. ನಗಾಡಿಕೊಂಡು ಕೂಗುವವರೂ ಇದ್ದಾರೆ, ಮಕ್ಕಳಿಗೆ ಖುಷಿ, ನಾನು ಹರಾಜು ನಿಲ್ಲಿಸಿ ಅಂತ ಹೇಳುವವ ಅಲ್ಲ. ಆದ್ರೆ ಸೋತವನ ಮುಖ ನೋಡಿದ್ರೆ ಅದು ದೇವರಿಗೆ ಕೊಡ್ಲಿಕ್ಕೆ ಆಗಲಿಲ್ಲ ಅನ್ನುವ ಬೇಜಾರಾ ಇನ್ನೊಂದಾ ಅಂತ ತಿಳೀತದೆ.


ಗ್ರೇಸ್_ಓನ್ಲಿ

ಅಜ್ಜ, ಅರಣ್ಯಕಾಂಡದಲ್ಲಿ ಹೆಸರು ಬರೆಸಿದ್ದು ದೇವರು, ಮುಖಂಡರು ಸ್ಟೋನ್ ಆರ್ಡರ್ ಮಾಡಿದ್ದಲ್ಲ. ಅದು ಡಿಫರೆನ್ಸ್. ಬಾರ್ನಬ ಹೊಲ ಮಾರಿ ಕೊಟ್ಟ, ಅವನ ಹೆಸರು ಬೈಬಲಲ್ಲಿ ಬಂತು. ಅದನ್ನು ನೋಡಿ ಅನನೀಯ ಸಪ್ಫೈರ ಗಂಡ ಹೆಂಡ್ತಿ ಸ್ವಲ್ಪ ಬಚ್ಚಿಟ್ಟು ಪೂರ್ತಿ ಕೊಟ್ವಿ ಅಂತ ಸುಳ್ಳು ಹೇಳಿ ಸತ್ತಿದ್ದು ಮುಂದಿನ ಅಧ್ಯಾಯದಲ್ಲೇ ಇದೆ.


ಉಡುಪಿ_ಅಜ್ಜ

ಅದು ಒಪ್ಪಬೇಕಾದ ಮಾತು.


ಹುಬ್ಬಳ್ಳಿ_ಟೀಚರ್

ಅಕ್ಕಾರ ನಮಸ್ಕಾರ. ಕೊಡೋರ ಮನಸ್ಸಿನ ಬಗ್ಗೆ ಎಲ್ಲಾರೂ ಬರೀಲಿಕತ್ತಾರ, ಕೊಡಲಾರದವರ ಬಗ್ಗೆ ಯಾರೂ ಹೇಳವಲ್ಲರು ಅಂತ ಬರ್ಯಾಕತ್ತೇನಿ.

ನಮ್ಮ ಚರ್ಚಿನ್ಯಾಗ ಫ್ಯಾನಿನ ರೆಕ್ಕಿ ಮ್ಯಾಲೆ ಹೆಸರು, ಬೆಂಚಿನ ಬೆನ್ನ ಮ್ಯಾಲೆ ಹೆಸರು, ಗೋಡಿ ಗಡಿಯಾರದ ಮ್ಯಾಲೆ ಹೆಸರು. ಟ್ಯೂಬ್‌ಲೈಟಿನ ಪಟ್ಟಿ ಮ್ಯಾಲೆ ಕೆಂಪ ಪೇಂಟಿನ್ಯಾಗ ಇಂಥವರ ಸ್ಮರಣಾರ್ಥ ಅಂತ ಎಷ್ಟ್ ದೊಡ್ಡದ ಬರದಾರಂದ್ರ ಬೆಳಕು ಅರ್ಧ ಕಮ್ಮಿ ಆಗೇತಿ. ಸಣ್ಣಾಂವ ಇದ್ದಾಗ ಪ್ರಸಂಗ ಬ್ಯಾಸರ ಆದ್ರ ಅವನ್ನ ಓದಕೋತ ಕೂಡ್ತಿದ್ದೆ. ನಮ್ಮವ್ವ ಪ್ರತಿ ಶನಿವಾರ ಆ ಚರ್ಚಿನ ಕಸಾ ಹೊಡದು ನೆಲಾ ಒರಸ್ತಿದ್ಲು, ರೊಕ್ಕಾ ತಗೊಳ್ಳದ. ಆಕಿ ಹೆಸರ ಎಲ್ಲೂ ಇಲ್ಲ, ಇರಬೇಕಂತ ಆಕಿಗೆ ಅನಿಸಿದ್ದೂ ಇಲ್ಲ. ಆದ್ರ ಹೊಸಾ ಬೆಂಚ್ ಬಂದಾಗ ಆಕಿ ಅದರ ಮ್ಯಾಲೆ ಕೂಡಾಕ ಹಿಂಜರೀತಿದ್ಲು, ಅದು ಅವರ ಮನಿತನದ ಬೆಂಚ್ ಅಂತ. ಯಾರೂ ಏಳು ಅಂದಿಲ್ಲ. ಹೆಸರs ಅಂತಿತ್ತು. ಯಾಕೋಬ 2ರಾಗ ಬಂಗಾರದ ಉಂಗುರ ಹಾಕ್ಕೊಂಡು ಬಂದಾಂವಗ ಒಳ್ಳೆ ಜಾಗಾ, ಬಡವಗ ಅಲ್ಲೇ ನಿಂದ್ರು ಅಂತೀರಿ ಅಂತ ಬೈದದ್ದು ಇದಕ್ಕs.

ನಿಮ್ಮ ಅಯ್ಯನವರು ಹೇಳಿದ 1 ಕೊರಿಂಥ 10:31 ಒಂದ್ ವಚನ ತಗದು ಕ್ಯಾಲೆಂಡರಿಗೆ ಹಾಕತಾರ, ಹಿಂದ ಮುಂದ ಓದೂದಿಲ್ಲ. ಅಲ್ಲಿ ನಡದ ಜಗಳ ಏನಂದ್ರ ವಿಗ್ರಹಕ್ಕ ಅರ್ಪಿಸಿದ ಮಾಂಸ ತಿನ್ನಬೇಕೋ ಬ್ಯಾಡೋ ಅಂತ (ಪ್ರಸಾದ ತಗೋಬೇಕೋ ಬ್ಯಾಡೋ ಅಂತ ನಮ್ಮ ಮನಿಯೊಳಗ ಇವತ್ತಿಗೂ ನಡಿಯೂ ಜಗಳನs ಅದು). ತಿನ್ನಾಕ ನನಗ ಹಕ್ಕೈತಿ ಅನ್ನೋರಿಗೆ ಆ ಪತ್ರ ಬರದ ಪೌಲ ಹಕ್ಕಿಲ್ಲ ಅನ್ನೂದಿಲ್ಲ, ಬಾಜೂಕ ಕೂತಾವನ ಮನಸ್ಸಾಕ್ಷಿ ನೋಡು ಅಂತಾನ. 24ನೇ ವಚನದಾಗ ಯಾರೂ ತನ್ನ ಹಿತ ನೋಡಬ್ಯಾಡ್ರಿ ಮತ್ತೊಬ್ಬರ ಹಿತ ನೋಡ್ರಿ, 33ರಾಗ ನಾನೂ ನನ್ನ ಲಾಭ ಹುಡುಕದ ಬಹಳ ಮಂದಿ ಲಾಭ ಹುಡುಕತೇನಿ. ದೇವರ ಘನತೆ ಅನ್ನೂದು ಆ ಎರಡರ ನಡುವ ಕೂತದ. ಮುಂದಿನ ಅಧ್ಯಾಯದಾಗ ಕರ್ತನ ಭೋಜನಕ್ಕ ಬಂದು ಉಳ್ಳವರು ಮೊದಲs ಉಂಡು ಇಲ್ಲದವರನ್ನ ನಾಚಿಸ್ತೀರೇನು ಅಂತ ಕೇಳ್ತಾನ. ಹಿಂಗಾಗಿ ಅಕ್ಕಾರ, ಆ ಕಲ್ಲು ಹಾಕಿದಿಂದ ನಿಮ್ಮ ಮನಸ್ಸಿಗೆ ಏನಾಕ್ಕೈತಿ ಅನ್ನೂದು ಅರ್ಧಾ ಪ್ರಶ್ನೆ. ಆ ಪೋರ್ಟಿಕೋ ಕೆಳಗ ಚಪ್ಪಲಿ ಬಿಟ್ಟು ಒಳಗ ಬರೂ ಕೂಲಿ ಹೆಣಮಗಳಿಗೆ ಏನ್ ಅನಿಸ್ತೈತಿ ಅನ್ನೂದು ಇನ್ನರ್ಧಾ.


ಕಡಲಬದಿ

ನಾನು ಕೆಥೊಲಿಕ್, ಇಲ್ಲಿ ಜಾಸ್ತಿ ನಿಮ್ಮ ಕಡೆಯವರೇ ಇದ್ದಾರೆ, ಆದ್ರೂ ಒಂದು ಮಾತು.

ಅಮ್ಮನ ದುಃಖ ಮತ್ತು ಅಣ್ಣನ ಎಲೆಕ್ಷನ್ ಎರಡನ್ನೂ ಒಂದೇ ಚೀಲಕ್ಕೆ ಹಾಕ್ಬೇಡಿ ಅಂತ ನಂಗನ್ನಿಸ್ತದೆ. ಅಮ್ಮನಿಗೆ ಬೇಕಾದ್ದು ಗಂಡನನ್ನು ಜನ ಮರೀಬಾರ್ದು ಅಂತ. ಅದು ಸ್ವಾರ್ಥ ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಬರುದಿಲ್ಲ. ಬೇಥಾನ್ಯದಲ್ಲಿ ಯೇಸುವಿನ ತಲೆ ಮೇಲೆ ತೈಲ ಹೊಯ್ದ ಹೆಂಗಸಿನ ಬಗ್ಗೆ ಸುವಾರ್ತೆ ಸಾರುವಲ್ಲೆಲ್ಲ ಇವಳ ನೆನಪಿಗೆ ಇದನ್ನು ಹೇಳುವರು ಅಂತ ಸ್ವಾಮಿಯೇ ಹೇಳಿದ್ರು. ಮಾರ್ಕನಲ್ಲಿ ನೋಡಿದ್ರೆ ಅವಳ ಹೆಸರೇ ಇಲ್ಲ! ಹೆಸರಿಲ್ಲದೆ ನೆನಪು ಉಳೀತದೆ ಅಂತ ಅಮ್ಮನಿಗೆ ಹೇಳ್ಬಹುದು. ನಮ್ಮಲ್ಲಿ ತೀರಿಹೋದವರ ಹೆಸರಲ್ಲಿ ಪೂಜೆ ಇಡಿಸುದು ಉಂಟು, ನವೆಂಬರ್ 2ಕ್ಕೆ ಮೃತರ ದಿನ, ಸಮಾಧಿಗಳನ್ನು ತೊಳೆದು ಹೂ ಇಟ್ಟು ಕ್ಯಾಂಡಲ್ ಹಚ್ಚುದು. ನಿಮ್ಮಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಇಲ್ಲ ಅಂತ ಗೊತ್ತು, ಆದ್ರೆ ಅವರ ಬಾಳಿಗಾಗಿ ಕೃತಜ್ಞತೆ ಸ್ತುತಿ ಇಡಿಸ್ಲಿಕ್ಕೆ ಏನೂ ಅಡ್ಡಿ ಇಲ್ಲ ಅಲ್ವಾ.

ಹೆಸರಿನ ಕಾಟ ನಮ್ಮಲ್ಲೂ ಉಂಟು ಬಿಡಿ. ಚರ್ಚ್ ಹಬ್ಬದ ದಿನ ದಾನಿಗಳನ್ನು ಎದುರಿಗೆ ಕರೆದು ಕ್ಯಾಂಡಲ್ ಕೊಡ್ತಾರೆ, ಆ ಲಿಸ್ಟಲ್ಲಿ ಹೆಸರು ತಪ್ಪಿದ್ರೆ ಫಾದರಿಗೆ ಮುಂದಿನ ಹಬ್ಬದವರೆಗೂ ಸಮಾಧಾನ ಇಲ್ಲ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಜೆಸುಯಿಟರು ಅನ್ನುವ ನಮ್ಮ ಸನ್ಯಾಸಿ ಸಂಘದವರು ಶುರು ಮಾಡಿದ್ದು, ದೇವರ ಹೆಚ್ಚಿನ ಮಹಿಮೆಗಾಗಿ ಅನ್ನುದು ಅವರ ಸಂಘದ ಧ್ಯೇಯವಾಕ್ಯ. ಅಲ್ಲಿನ ಚಾಪೆಲ್ ಗೋಡೆಯ ಚಿತ್ರ ನೋಡ್ಲಿಕ್ಕೆ ಎಲ್ಲೆಲ್ಲಿಂದ ಜನ ಬರ್ತಾರೆ, ಬಿಡಿಸಿದವರು ಬ್ರದರ್ ಆಂತೋನಿಯೊ ಮೊಸ್ಕೆನಿ ಅಂತ ಇಟಲಿಯವರು, ಪಾದ್ರಿ ಸಹ ಆಗದೆ ಬ್ರದರ್ ಆಗಿಯೇ ಇದ್ದವರು. ಬಂದು ಸೆಲ್ಫಿ ತೆಗೆದು ಹೋಗುವವರಲ್ಲಿ ಎಷ್ಟು ಜನಕ್ಕೆ ಆ ಹೆಸರು ಗೊತ್ತೋ. ಆ ಸಂಘ ಕಟ್ಟಿದ ಸಂತ ಇಗ್ನಾಸಿಯವರು ಕಲಿಸಿದ್ದು ಏನಂದ್ರೆ ಬಡತನಕ್ಕಿಂತ ಸಿರಿತನ ಬೇಕು ಅಂತಲೂ ಅವಮಾನಕ್ಕಿಂತ ಮಾನ ಬೇಕು ಅಂತಲೂ ಮೊದಲೇ ಮನಸ್ಸು ಕಟ್ಟಿಕೊಳ್ಳಬಾರದು, ಯಾವುದರಿಂದ ದೇವರ ಸೇವೆ ಆಗ್ತದೋ ಅದನ್ನು ಆರಿಸು ಅಂತ. ನಿಮ್ಮ ಪ್ರಶ್ನೆಗೆ ಇದನ್ನು ಹಾಕಿ ನೋಡಿ. ಕಲ್ಲು ಇಲ್ಲ ಅಂತಾದ್ರೂ ಅಷ್ಟೇ ದುಡ್ಡು ಕೊಡ್ತೀರಾ? ಕಲ್ಲು ಉಂಟು, ಆದ್ರೆ ನಿಮ್ಮ ಕುಟುಂಬಕ್ಕೆ ಆಗದ ಒಬ್ಬರ ಹೆಸರು ಪಕ್ಕದಲ್ಲೇ ಅದೇ ಸೈಜಲ್ಲಿ ಬರ್ತದೆ ಅಂದ್ರೂ ಕೊಡ್ತೀರಾ? ಈ ಎರಡನೇದು ಕೇಳಿದಾಗ ಹೊಟ್ಟೆಯಲ್ಲಿ ಏನಾಗ್ತದೆ ನೋಡಿ.


ಡೌಟ್_ತೋಮ

ನಂದೊಂದು ಸೈಡ್ ಡೌಟ್, ಬೈಬೇಡಿ. ನಾವು ಹೊಗಳಿಸ್ಕೊಂಡ್ರೆ ಅಹಂಕಾರ, ಪಾಪ. ದೇವರು ಮಾತ್ರ ನನ್ನ ಮಹಿಮೆ ಯಾರಿಗೂ ಬಿಟ್ಟುಕೊಡಲ್ಲ ಅಂತ ಯೆಶಾಯ 42ರಲ್ಲಿ ಹೇಳ್ಕೋತಾರೆ. ಎಲ್ಲಾ ನಂಗೇ ಅನ್ನೋದು ಮನುಷ್ಯ ಹೇಳಿದ್ರೆ ನಾವು ಸ್ವಾರ್ಥ ಅಂತೀವಿ ತಾನೆ? ಯೂತ್ ಮೀಟಿಂಗಲ್ಲಿ ಕೇಳಿದ್ದಕ್ಕೆ ಪ್ರಾರ್ಥನೆ ಮಾಡು ಬ್ರದರ್ ಅಂದ್ರು ಅಷ್ಟೇ.


ಉಡುಪಿ_ಅಜ್ಜ

ತೋಮ, ಒಳ್ಳೆ ಪ್ರಶ್ನೆ ಮಗಾ, ಬೈಯುದು ಯಾಕೆ. ನಮಗೆ ಹೊಗಳಿಕೆ ಬೇಕಾಗುದು ನಮ್ಮೊಳಗೆ ಏನೋ ಖಾಲಿ ಉಂಟು ಅಂತ. ದೇವರಿಗೆ ಏನು ಕೊರತೆ? ನನಗೆ ಹಸಿವಾದ್ರೂ ನಿನಗೆ ಹೇಳುದಿಲ್ಲ, ಲೋಕವೆಲ್ಲ ನನ್ನದೇ ಅಂತ 50ನೇ ಕೀರ್ತನೆಯಲ್ಲಿ ಅವರೇ ಹೇಳಿದ್ದಾರೆ, ನಾನು ಓದಿದಾಗೆಲ್ಲ ನಗು ಬರ್ತದೆ. ಯೆಶಾಯ 42ರಲ್ಲಿ ಆ ಮಾತು ಮಹಿಮೆ ಬೊಂಬೆಗಳ ಪಾಲಾಗಬಾರದು ಅಂತ, ಅದರ ಮೊದಲಿನ ವಚನದಲ್ಲಿ ಕುರುಡರ ಕಣ್ಣು ತೆರೆಯುದು, ಸೆರೆಯವರನ್ನು ಬಿಡಿಸುದು ಉಂಟು ನೋಡು, ಬಿಡಿಸುವವ ಯಾರು ಅಂತ ಗೊತ್ತಿಲ್ಲದವ ಬಿಡಿಸಲಿಕ್ಕಾಗದವನ ಹತ್ರ ಹೋಗಿ ಕೂತ್ಕೊಳ್ತಾನೆ.

ಇನ್ನೊಂದು, ಯೋಹಾನ 12ರಲ್ಲಿ ಯೇಸುಸ್ವಾಮಿ ನನ್ನ ಮನಸ್ಸು ಕಳವಳಗೊಂಡಿದೆ, ಈ ಗಳಿಗೆಯಿಂದ ಕಾಪಾಡು ಅಂತ ಕೇಳಲಾ, ಇದಕ್ಕಾಗಿಯೇ ಬಂದೆನಲ್ಲ, ತಂದೆಯೇ ನಿನ್ನ ಹೆಸರನ್ನು ಮಹಿಮೆಪಡಿಸು ಅಂತಾರೆ. ಯಾವ ಗಳಿಗೆ ಅದು? ಶಿಲುಬೆದು. ಬಟ್ಟೆ ಬಿಚ್ಚಿಸಿ ಊರ ಹೊರಗೆ ನೇತು ಹಾಕುವುದನ್ನು ಮಹಿಮೆ ಅಂತ ಕರೆದ ಮೇಲೆ ಆ ಮಹಿಮೆ ಸ್ವಾರ್ಥದ್ದು ಅಂತ ಹೇಳಲಿಕ್ಕೆ ನನಗೆ ಕಷ್ಟ. ಪೇತ್ರನಿಗೂ ನೀನು ಎಂಥ ಸಾವಿನಿಂದ ದೇವರನ್ನು ಮಹಿಮೆಪಡಿಸುವಿ ಅಂತ ಸೂಚನೆ ಕೊಟ್ರು, ಎಂಥ ಪೋರ್ಟಿಕೋದಿಂದ ಅಂತಲ್ಲ.


ಕಾಯರ್_ಬೇಸ್

ಹೆಸರು ಇರಬೇಕಾ ಬೇಡ್ವಾ ಅಂತ ಓದ್ತಾ ಜರ್ಮನಿಯ ಸಂಗೀತಗಾರ ಬಾಖ್ ನೆನಪಾದ. ನಮ್ಮ ಕಾಯರ್‌ನಲ್ಲಿ ಎಲ್ಲರೂ ಹೇಳೋ ಕಥೆ, ಅವನು ತನ್ನ ಚರ್ಚ್ ಸಂಗೀತದ ಕೈಬರಹದ ಕೊನೇಲಿ ಎಸ್ ಡಿ ಜಿ ಅಂತ ಬರೀತಿದ್ದ, ಸೋಲಿ ದೇವೊ ಗ್ಲೋರಿಯಾ, ದೇವರೊಬ್ಬನಿಗೇ ಮಹಿಮೆ. ನಿಜಾನೇ. ಆದ್ರೆ ಅದೇ ಮನುಷ್ಯ 1730ರಲ್ಲಿ ಲೈಪ್ಜಿಗ್‌ನಿಂದ ಹಳೇ ಗೆಳೆಯನಿಗೆ ಬರೆದ ಕಾಗದದಲ್ಲಿ ಏನ್ ಗೋಳಾಡಿದ್ದಾನೆ ಗೊತ್ತಾ, ಊರಿನ ಹವೆ ಚೆನ್ನಾಗಿದ್ರೆ ಜನ ಕಮ್ಮಿ ಸಾಯ್ತಾರೆ, ಶವಸಂಸ್ಕಾರಕ್ಕೆ ಹಾಡಿಸೋ ಫೀಸ್ ಬರಲ್ಲ, ಹೋದ ವರ್ಷ ಹಂಗೇ ನೂರಕ್ಕಿಂತ ಜಾಸ್ತಿ ಥಾಲರ್ (ಆಗಿನ ಬೆಳ್ಳಿ ನಾಣ್ಯ) ಲಾಸ್ ಆಯ್ತು ಅಂತ! ದೊಡ್ಡ ಸಂಸಾರ, ಸಂಬಳ ಸಾಲ್ತಿರ್ಲಿಲ್ಲ, ಊರಿನ ಕೌನ್ಸಿಲ್ ಜೊತೆ ಯಾವಾಗ್ಲೂ ಕಿರಿಕ್.

ನಾನು ಹೇಳೋದು ಏನಂದ್ರೆ ಮನಸ್ಸು ನೂರಕ್ಕೆ ನೂರು ಕ್ಲೀನ್ ಆದ್ಮೇಲೇ ದೇವರಿಗೆ ಕೊಡ್ತೀನಿ ಅಂತ ಕಾಯ್ತಾ ಕೂತ್ರೆ ಯಾರೂ ಏನೂ ಕೊಡಲ್ಲ, ಯಾರೂ ಹಾಡಲ್ಲ. ಸೋಲೋ ಸಿಕ್ಕಿದಾಗ ನಂಗೂ ಒಳಗೊಳಗೇ ಖುಷಿ ಆಗುತ್ತೆ, ಇಲ್ಲ ಅಂದ್ರೆ ಸುಳ್ಳು. ಪೌಲನೇ ಫಿಲಿಪ್ಪಿ 1ರಲ್ಲಿ ಕೆಲವರು ಹೊಟ್ಟೆಕಿಚ್ಚಿಂದ ಸುವಾರ್ತೆ ಸಾರ್ತಾರೆ, ಆದ್ರೂ ಕ್ರಿಸ್ತನ ಹೆಸರು ಸಾರೋದಾಗ್ತಿದೆ ಅಂತ ನಂಗೆ ಸಂತೋಷ ಅಂತಾನೆ. ಅದೂ ಜೈಲಲ್ಲಿ ಕೂತ್ಕೊಂಡು. ಹಾಗಾಗಿ ಹಾಸನದ ಸಿಸ್ಟರ್, ನಿಮ್ಮಣ್ಣ ಹೇಳಿದ ಮಾತಿಗೆ ಹೆದರ್ಬೇಡಿ. ಹೆಸರು ಬೇಡ ಅನ್ನೋದರಲ್ಲೂ ಸ್ವಲ್ಪ ಹೆಮ್ಮೆ ಇರುತ್ತೆ, ಇರ್ಲಿ, ಹಾಗಂತ ಬೇಕು ಅನ್ನೋದು ಸರಿ ಆಗಲ್ಲ.


ಮಾಜಿ_ಖಜಾಂಚಿ

ಚರ್ಚಲ್ಲಿ ಲೆಕ್ಕ ನೋಡಿದ ಅನುಭವದ ಮೇಲೆ ಹೇಳ್ತೀನಿ.

ಮೊದಲು, ಪೆಟ್ಟಿಗೆಗೆ ಹಾಕಿ ಮನೆಗೆ ಬನ್ನಿ ಅಂತ ಮೇಲೆ ಒಬ್ಬರು ಬರೆದಿದ್ದಾರೆ, ಈ ಮೊತ್ತಕ್ಕೆ ದಯವಿಟ್ಟು ಹಾಗೆ ಮಾಡಬೇಡಿ. ಚೆಕ್ ಅಥವಾ ಬ್ಯಾಂಕ್ ಟ್ರಾನ್ಸ್‌ಫರ್ ಮಾಡಿ, ರಸೀದಿ ತಗೊಳ್ಳಿ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಒಬ್ಬರಿಂದ ಒಂದೇ ದಿನ ತಗೊಳ್ಳೋ ಹಾಗಿಲ್ಲ ಅಂತ ಇನ್‌ಕಮ್ ಟ್ಯಾಕ್ಸ್ ಕಾನೂನೇ ಇದೆ, ಚರ್ಚಿಗೆ ತೊಂದರೆ. ಹೆಸರು ಕಲ್ಲಿನ ಮೇಲೆ ಬೇಡ ಅಂದ್ರೆ ಲೆಡ್ಜರಲ್ಲೂ ಬೇಡ ಅಂತಲ್ಲ. 2 ಕೊರಿಂಥ 8ರಲ್ಲಿ ಪೌಲ ಯೆರೂಸಲೇಮಿನ ಬಡವರಿಗೆ ಹಣ ಒಟ್ಟು ಮಾಡಿದಾಗ ತನ್ನ ಜೊತೆಗಾರ ತೀತನ ಜೊತೆ ಸಭೆಗಳು ಆರಿಸಿದ ಬೇರೆಯವರನ್ನೂ ಕಳಿಸ್ತಾನೆ, ಯಾರೂ ತಪ್ಪು ಹೊರಿಸಬಾರದು ಅಂತ. ಕರ್ತನ ಘನತೆಗಾಗಿ ಅನ್ನೋ ಮಾತು ಅಲ್ಲೂ ಇದೆ, ಲೆಕ್ಕಪತ್ರದ ವಿಷಯದಲ್ಲಿ. ನಮ್ಮ ಪ್ರಸಂಗಗಳಲ್ಲಿ ಆ ಭಾಗ ಯಾಕೋ ಬರೋದೇ ಕಮ್ಮಿ.

ಇನ್ನು ನಿಜವಾದ ವಿಷಯ. ಎಲ್ಲರೂ ಕಲ್ಲಿನ ಬಗ್ಗೆ ಬರೆದಿದ್ದೀರಿ, ಸಿಸ್ಟರ್ ಬರೆದ ಮೊದಲ ಸಾಲು ಯಾರಾದ್ರೂ ಸರಿಯಾಗಿ ಓದಿದ್ರಾ? ಮಾಡು ಸೋರ್ತಿದೆ. ಹೆಂಗಸರ ಸಾಲಲ್ಲಿ ಬಕೆಟ್ ಇಡ್ತಾರೆ. ಕಟ್ಟೋಕೆ ಹೊರಟಿರೋದು ಪೋರ್ಟಿಕೋ! ಯಾಕೆ ಅಂತ ನಾನು ಹೇಳ್ತೀನಿ, ಇದನ್ನ ಬೇಕಾದಷ್ಟು ಸಲ ನೋಡಿದ್ದೀನಿ. ಹೆಂಚು ಬದಲಾಯಿಸಿದ್ರೆ, ಗೆದ್ದಲು ಹಿಡಿದ ರೀಪು ತೆಗೆಸಿದ್ರೆ, ವೈರಿಂಗ್ ಹೊಸದು ಮಾಡಿಸಿದ್ರೆ, ಟಾಯ್ಲೆಟ್ ಕಟ್ಟಿಸಿದ್ರೆ ಹೆಸರು ಎಲ್ಲಿ ಹಾಕ್ತೀರಾ? (ಹಳೇ ಹೆಂಚಿನ ಮೇಲೆ ಹೆಸರು ಇರುತ್ತೆ, ಫ್ಯಾಕ್ಟರಿದು.) ಹೆಸರು ಹಾಕೋ ಜಾಗ ಇರೋ ಕೆಲಸಕ್ಕೆ ದಾನಿ ಬೇಗ ಸಿಗ್ತಾರೆ, ಹಾಗಾಗಿ ಕಮಿಟಿ ಅಂಥ ಕೆಲಸವನ್ನೇ ಹುಡುಕುತ್ತೆ. ಸೆಕ್ರೆಟರಿ ಕೆಟ್ಟವರು ಅಂತಲ್ಲ, ಅವರಿಗೂ ದುಡ್ಡು ಸೇರಿಸೋ ಕಷ್ಟ ಗೊತ್ತು, ನಾನೂ ಆ ಕುರ್ಚಿಯಲ್ಲಿ ಕೂತಿದ್ದೋನು. ಆದ್ರೆ ಕೊನೆಗೆ ಆರ್ಚ್, ಪೋರ್ಟಿಕೋ, ಬೆಲ್ ಟವರ್ ಎಲ್ಲ ಥಳಥಳ, ಒಳಗಡೆ ಬಕೆಟ್. ಮನಸ್ಸಲ್ಲಿ ಏನಿದೆ ಅಂತ ಅಗೆದು ನೋಡೋದು ದೇವರಿಗೆ ಬಿಡಿ, ದುಡ್ಡು ಎಲ್ಲಿಗೆ ಹೋಗ್ತಿದೆ ಅನ್ನೋದು ಕಣ್ಣಿಗೇ ಕಾಣುತ್ತಲ್ಲ. ಹಗ್ಗಾಯ ಪ್ರವಾದಿ ಜನರ ಮನಸ್ಸಿನ ಟೆಸ್ಟ್ ಏನೂ ಮಾಡಲಿಲ್ಲ, ನಿಮ್ಮ ಮನೆಗೆ ಹಲಗೆ ಹೊದಿಕೆ, ದೇವಾಲಯ ಹಾಳು ಅಂತ ಕೈತೋರಿಸಿ ಕೇಳಿದ.

ಹೋಗಿ ಸಿಂಪಲ್ಲಾಗಿ ಕೇಳಿ, ಈ ದುಡ್ಡು ಮಾಡಿನ ರಿಪೇರಿಗೆ ಅಂತ ಕೊಡ್ತೀವಿ, ಆಗುತ್ತಾ ಅಂತ. ಬರವಣಿಗೆಯಲ್ಲಿ ಕೊಡಿ. ಮತ್ತೆ ಅಣ್ಣನಿಗೆ ಹೇಳಿ, ಎಲೆಕ್ಷನ್ ಮುಗಿಯೋ ತನಕ ಚೆಕ್ ಕೊಡಬೇಡ, ಇಲ್ಲ ಈ ಸಲ ನಿಲ್ಲಬೇಡ, ಎರಡರಲ್ಲಿ ಒಂದು. ಅವನು ಒಳ್ಳೇ ಮನುಷ್ಯನೇ ಇರಬಹುದು, ಗೆದ್ರೆ ಪೋರ್ಟಿಕೋ ಕೊಟ್ಟು ಗೆದ್ದ ಅಂತಾರೆ, ಸೋತ್ರೆ ಅವನಿಗೇ ಕೊಟ್ಟಿದ್ದು ವೇಸ್ಟ್ ಅನ್ಸುತ್ತೆ. 3 ಯೋಹಾನದಲ್ಲಿ ದಿಯೊತ್ರೇಫ ಅಂತ ಒಬ್ಬ ಬರ್ತಾನೆ, ಸಭೆಯಲ್ಲಿ ಎಲ್ಲರಿಗಿಂತ ಮುಂದೆ ಇರಬೇಕು ಅನ್ನೋನು. ಅಂಥೋರು ಬೆಳೆಯೋದು ಹೀಗೇ, ಮೊದಲು ಕೊಡ್ತಾರೆ, ಆಮೇಲೆ ನಾನು ಕೊಟ್ಟಿದ್ದೀನಲ್ಲ ಅಂತಾರೆ.


ಹುಬ್ಬಳ್ಳಿ_ಟೀಚರ್

ಖಜಾಂಚಿ ಅಣ್ಣಾರ, ಕೈ ಕೊಡ್ರಿ ಇಲ್ಲಿ.


ಗ್ರೇಸ್_ಓನ್ಲಿ

ಪೆಟ್ಟಿಗೆ ವಿಷಯ ಓಕೆ, ಚೆಕ್ ಕೊಡ್ಲಿ. ಕಲ್ಲಿನ ವಿಷಯದಲ್ಲಿ ನಾನು ಹೇಳಿದ್ದು ಹೇಳಿದ್ದೇ.


ಹಾಸನದ_ಮಗಳು

ಎಲ್ಲರಿಗೂ ಥ್ಯಾಂಕ್ಸ್, ಇಷ್ಟೊಂದು ಜನ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಊರಿಗೆ ಹೋಗಿ ಬಂದೆ ಅದಕ್ಕೆ ರಿಪ್ಲೈ ಲೇಟ್.

ಖಜಾಂಚಿ ಸರ್ ಬರೆದಿದ್ದನ್ನ ಅಮ್ಮನಿಗೆ ಓದಿ ಹೇಳ್ದೆ. ಅಮ್ಮ ಅಂದ್ರು, "ಆ ಸೋರೋ ಜಾಗದಲ್ಲೇ ನಾನು ಕೂರೋದು, ನಿಮ್ಮಪ್ಪ ಪ್ರತಿ ಮಳೆಗಾಲ ಕಮಿಟಿಗೆ ಹೇಳಿ ಹೇಳಿ ಸಾಕಾಗಿ ತಾವೇ ಏಣಿ ಹತ್ತಿ ಹೆಂಚು ಸರಿಸ್ತಿದ್ರು" ಅಂತ. ನಂಗಿದು ಗೊತ್ತೇ ಇರ್ಲಿಲ್ಲ. ಮಾಡಿಗೇ ಕೊಡೋದು ಅಂತ ಅಮ್ಮನೇ ಹೇಳ್ಬಿಟ್ರು. ಕಲ್ಲು ಬೇಡ, ಆದ್ರೆ ಅಪ್ಪ ತೀರಿಹೋದ ದಿನ ಬರೋ ವಾರದ ಆರಾಧನೇಲಿ ಅಯ್ಯನವರು ಹೆಸರು ಹೇಳಿ ಕೃತಜ್ಞತೆ ಪ್ರಾರ್ಥನೆ ಮಾಡ್ಲಿ ಅಂತ ಕೇಳಿದ್ದಾರೆ, ಕಡಲಬದಿ ಅವರು ಹೇಳಿದ್ ತರ. ಅಯ್ಯನವರು ಒಪ್ಪಿದ್ರು.

ಸೆಕ್ರೆಟರಿ ಅಂಕಲ್‌ಗೆ ಅಷ್ಟು ಖುಷಿ ಆಗಿಲ್ಲ, ಬಿಷಪ್ ಡೇಟ್ ಕೇಳಾಗಿದೆಯಂತೆ, ಪೋರ್ಟಿಕೋಗೆ ಇನ್ನೊಬ್ಬರನ್ನ ನೋಡ್ತಾರೆ ಅನ್ಸುತ್ತೆ. ಅಣ್ಣ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಎಲೆಕ್ಷನ್‌ಗೆ ನಿಲ್ತಾನಂತೆ, ಆದ್ರೆ ದುಡ್ಡು ಅಮ್ಮನ ಹೆಸರಲ್ಲಿ ಎಲೆಕ್ಷನ್ ಆದ್ಮೇಲೆ ಹೋಗ್ಲಿ ಅಂತ ಅವನೇ ಹೇಳ್ದ, ಅದು ನಂಗೆ ಆಶ್ಚರ್ಯ. ಕಡಲಬದಿ ಅವರ ಎರಡನೇ ಪ್ರಶ್ನೆ ಅವನಿಗೆ ಕೇಳೋಣ ಅಂತ ಹೋಗಿ ಕೇಳ್ಲಿಲ್ಲ, ನಮ್ಮ ದೊಡ್ಡಪ್ಪನ ಮನೆಯವರ ಹೆಸರು ಪಕ್ಕದಲ್ಲಿ ಬರುತ್ತೆ ಅಂತ ನೆನೆಸ್ಕೊಂಡ್ರೆ ನಂಗೇ ಮೈ ಉರೀತು.

ಖಜಾಂಚಿ ಸರ್, ರಿಪೇರಿ ಅಂದ್ರೆ ಏನೇನ್ ಕೇಳ್ಬೇಕು? ಒಬ್ಬ ಮೇಸ್ತ್ರಿ ಹೆಂಚೆಲ್ಲ ತೆಗೆದು ಶೀಟ್ ಹಾಕಿ ಅಂತಿದ್ದಾನೆ.


ಮಾಜಿ_ಖಜಾಂಚಿ

ಶೀಟ್ ಬೇಡ, ಮಳೆ ಬಂದ್ರೆ ಪ್ರಸಂಗ ಕೇಳ್ಸಲ್ಲ, ಬೇಸಿಗೆಯಲ್ಲಿ ಬೇಯುತ್ತೆ. ಮೊದಲು ಗೊತ್ತಿರೋ ಬಡಗಿಯನ್ನ ಮೇಲೆ ಹತ್ತಿಸಿ ತೊಲೆ ಗಟ್ಟಿ ಇದೆಯಾ ನೋಡಿಸಿ. ತೊಲೆ ಚೆನ್ನಾಗಿದ್ರೆ ರೀಪು ಮಾತ್ರ ಬದಲಾಯಿಸಿ, ಒಡೆದ ಹೆಂಚು ತೆಗೆದು ಅದೇ ಅಳತೆಯ ಹಳೇ ಹೆಂಚು ಹುಡುಕಿ ಹಾಕಿಸಿ, ಹಳೇ ಮನೆ ಕೆಡವೋ ಕಡೆ ಸಿಗುತ್ತೆ. ಮೂಲೆ ಹೆಂಚಿನ ಗಾರೆ ಬಿಟ್ಟಿದ್ರೆ ಸೋರೋದು ಜಾಸ್ತಿ ಅಲ್ಲಿಂದಲೇ. ಎರಡು ಮೂರು ಕಡೆ ಎಸ್ಟಿಮೇಟ್ ಕಮಿಟಿ ಹೆಸರಲ್ಲಿ ತರಿಸಿ, ನಿಮ್ಮ ಮನೆ ಹೆಸರಲ್ಲಿ ಬೇಡ. ದುಡ್ಡು ಒಂದೇ ಸಲ ಕೊಡಬೇಡಿ, ಕೆಲಸ ಆದ ಹಾಗೆ ಕೊಡಿ. ಮೇ ಒಳಗೆ ಮುಗಿಸ್ಬೇಕು, ಎಲೆಕ್ಷನ್ ಯಾವಾಗ?